ಸಾರಥಿಯ ಋಣ

ಶ್ರಾವಣದಲ್ಲಿ ಘಟಪ್ರಭೆಯು ತುಂಬಿ ಹರಿಯತೊಡಗಿತೆಂದರೆ ಗೋಕಾವಿಯ ಜಲಪಾತವನ್ನು ನೋಡಲು ಊರೂರುಗಳಿಂದ ಜನರು ನೆರೆಯುತ್ತಾರೆ. ಸುಮಾರು 170 ಅಡಿ ಎತ್ತರದಿಂದ ಕೆನ್ನೀರು ಧುಮುಕುವ ಆ ನೋಟವನ್ನು ಅಲ್ಲಿಯ ತೂಗುಸೇತುವೆಯ ಮೇಲೆ ನಿಂತು ಕಂಡವರು ತಮ್ಮ ಜೀವಮಾನದಲ್ಲಿ ಅದನ್ನು ಮರೆಯಲಾರರು. ಆದರೆ ಹಾಗೆ ನಿಂತವರ ಕಣ್ಣೆಲ್ಲ ನೀರಿನ ಮೇಲೆಯೇ ಇರುವದು. ತಮ್ಮ ಕಾಲ ಕೆಳಗಿನ ಹಲಗೆಗಳನ್ನು ಹೊತ್ತು ನಿಂತಿರುವ ಉಕ್ಕಿನ ಹಗ್ಗವನ್ನು ನೋಡುವವರು ತೀರ ವಿರಳ. ಹಗ್ಗವು ತನ್ನ ಕೆಲಸವನ್ನು ಸರಿಯಾಗಿ ಮಾಡುವವರೆಗೆ ಅದು ಯಾರ ಲಕ್ಷ್ಯಕ್ಕೂ ಬರುವದಿಲ್ಲ. ಅದು ಹರಿದ ದಿನ ಮಾತ್ರ ಎಲ್ಲರೂ ಅದನ್ನು ನೆನೆಯುತ್ತಾರೆ. ಮನುಷ್ಯರ ಕಾರ್ಯಗಳಲ್ಲಿಯೂ ಇದೇ ರೀತಿ ಕಂಡುಬರುವದರಿಂದ ಒಂದು ಪ್ರಶ್ನೆಯು ಏಳುತ್ತದೆ. ದೊಡ್ಡದೊಂದು ಸಾಹಸವು ಕೈಗೂಡಿದಾಗ ಅದರ ಶ್ರೇಯಸ್ಸು ಗುರಿಯನ್ನು ಮುಟ್ಟಿದವನಿಗೆ ಸಲ್ಲತಕ್ಕದ್ದೋ, ಅವನನ್ನು ಅಲ್ಲಿಗೆ ಒಯ್ದು ಮರಳಿ ತಂದವರಿಗೆ ಸಲ್ಲತಕ್ಕದ್ದೋ?

ಪ್ರಶ್ನೆಯು ಹಳೆಯದು. ಕುಮಾರವ್ಯಾಸ ಭಾರತವನ್ನು ಕೇಳಿದ ಮನೆಗಳಲ್ಲಿ ವಿರಾಟಪರ್ವದ ಕಥೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಗೋವುಗಳನ್ನು ಬಿಡಿಸಿ ತಂದ ಸುದ್ದಿಯು ಬರಲು ವಿರಾಟರಾಯನು ಮಗನಾದ ಉತ್ತರನ ಪರಾಕ್ರಮವನ್ನು ಹಾಡಿ ಹೊಗಳುತ್ತಾನೆ. ಬೃಹನ್ನಳೆಯು ಸಾರಥಿಯಾಗಿರಲು ಗೆಲುವೇನು ಆಶ್ಚರ್ಯವೆಂದು ಕಂಕಭಟ್ಟನು ಅನ್ನಲು, ಅರಸನು ಸಿಟ್ಟಿಗೆದ್ದು ಕೈಯಲ್ಲಿದ್ದ ಪಗಡೆಯ ದಾಳವನ್ನು ಅವನ ಮುಖಕ್ಕೆ ಎಸೆಯುತ್ತಾನೆ. ಸಾರಥಿಯ ಹೆಸರನ್ನು ಎತ್ತಿದವನ ಹಣೆಯಲ್ಲಿ ರಕ್ತವು ಸುರಿಯಿತು! ಉತ್ತರನಾದರೂ ಬಂದವನೇ ಸತ್ಯವನ್ನು ಒಪ್ಪಿಕೊಂಡನು, ಗೆದ್ದವನು ತಾನಲ್ಲವೆಂದು ಹೇಳಿದನು. ಕಥೆಯಲ್ಲಿ ಉತ್ತರನ ಮಾನವು ಉಳಿದದ್ದು ಆ ಒಂದು ಮಾತಿನಿಂದ. ವಿರಾಟನ ಅಭ್ಯಾಸವು ಮಾತ್ರ ಲೋಕದಲ್ಲಿ ಇಂದಿಗೂ ಉಳಿದುಕೊಂಡಿದೆ.

ಈ ಪ್ರಶ್ನೆಯನ್ನು ನಾಡಿನ ನಡುವೆ ಪರೀಕ್ಷಿಸುವದು ಕಷ್ಟ. ಊರಲ್ಲಿ ಇರುವವನಿಗೆ ಎಷ್ಟು ಜನರು ಎಷ್ಟು ವಿಧವಾಗಿ ನೆರವಾಗುತ್ತಾರೆಂಬುದು ಲೆಕ್ಕಕ್ಕೆ ಸಿಗುವದಿಲ್ಲ. ಆದರೆ ಭೂಮಿಯ ಮೇಲೆ ಒಂದು ಸ್ಥಳವುಂಟು. ಅಲ್ಲಿ ಈ ಲೆಕ್ಕವು ಬಟ್ಟಬಯಲಾಗುತ್ತದೆ. ಅದು ದಕ್ಷಿಣ ಧ್ರುವವನ್ನು ಸುತ್ತಿರುವ ಅಂಟಾರ್ಕ್ಟಿಕಾ ಖಂಡವು. ಸುಮಾರು 1 ಕೋಟಿ 40 ಲಕ್ಷ ಚದರ ಕಿಲೋಮೀಟರು ವಿಸ್ತಾರದ ಆ ನೆಲದ ಮೇಲೆ ಸರಾಸರಿ ಎರಡು ಕಿಲೋಮೀಟರು ದಪ್ಪ ಹಿಮವು ಕೂತಿದೆ. ಅಲ್ಲಿ ಮೂಲನಿವಾಸಿಗಳಿಲ್ಲ, ಬೆಳೆಯಿಲ್ಲ, ಕಟ್ಟಿಗೆಯಿಲ್ಲ. ಒಂದು ತುತ್ತು ಅನ್ನವಾಗಲಿ ಒಂದು ಬೊಗಸೆ ಎಣ್ಣೆಯಾಗಲಿ ಯಾರಾದರೂ ಹೊತ್ತು ತಂದರೆ ಉಂಟು, ಇಲ್ಲವಾದರೆ ಇಲ್ಲ. ಹೀಗಿರಲು ಅಲ್ಲಿ ಹೋದವನ ಸಾಹಸವನ್ನೂ ಹೊತ್ತವನ ಸೇವೆಯನ್ನೂ ಬೇರೆಬೇರೆಯಾಗಿ ತೂಗಿ ನೋಡಬಹುದು.

1902ನೆಯ ಇಸವಿಯ ಫೆಬ್ರುವರಿ 4ರಂದು ಇಂಗ್ಲೆಂಡಿನ ನೌಕಾಧಿಕಾರಿಯಾದ ಸ್ಕಾಟನು ಜಲಜನಕವನ್ನು ತುಂಬಿದ ಬಲೂನಿನಲ್ಲಿ ಕುಳಿತು ಆ ಖಂಡದ ಹಿಮದ ಮೇಲೆ ಸುಮಾರು 800 ಅಡಿ ಏರಿದನು. ಅಲ್ಲಿಯ ಆಕಾಶಕ್ಕೆ ಮನುಷ್ಯನು ಏರಿದ್ದು ಅದೇ ಮೊದಲು. ಬಲೂನನ್ನು ಹಗ್ಗದಿಂದ ನೆಲಕ್ಕೆ ಬಿಗಿಯಲಾಗಿತ್ತು. ಏರಿದವನ ಹೆಸರು ಪುಸ್ತಕಗಳಲ್ಲಿ ಉಳಿಯಿತು. ಕೆಳಗೆ ಹಗ್ಗದ ಬಳಿ ನಿಂತವರ ಹೆಸರು ಎಷ್ಟು ಜನರಿಗೆ ಗೊತ್ತು? ಧ್ರುವದ ವಿಮಾನಯಾನದ ಇತಿಹಾಸವೆಲ್ಲವೂ ಈ ಒಂದು ಚಿತ್ರದ ವಿಸ್ತಾರವೆಂದು ಹೇಳಿದರೆ ತಪ್ಪಾಗಲಾರದು.

ವಿಮಾನವು ಬರುವ ಮೊದಲು ಹೊರೆಯೆಲ್ಲ ಮನುಷ್ಯರ ಮತ್ತು ನಾಯಿಗಳ ಹೆಗಲ ಮೇಲೆ ಇತ್ತು. 1914ರಲ್ಲಿ ಶ್ಯಾಕಲ್ಟನ್ನನು ಆ ಖಂಡವನ್ನು ಒಂದು ದಡದಿಂದ ಇನ್ನೊಂದು ದಡಕ್ಕೆ ದಾಟಬೇಕೆಂದು ಹೊರಟನು. ದಾರಿಯ ಕೊನೆಯ ಭಾಗಕ್ಕೆ ಬೇಕಾದ ಬುತ್ತಿಯನ್ನು ಆಚೆಯ ದಡದವರು ಮೊದಲೇ ತಂದು ಇಡತಕ್ಕದ್ದೆಂದು ಗೊತ್ತಾಗಿತ್ತು. ಆ ಕೆಲಸಕ್ಕೆ ರಾಸ್ ಸಮುದ್ರದ ದಂಡೆಯಲ್ಲಿ ಇಳಿದವರ ಹಡಗು 1915ರ ಮೇ ತಿಂಗಳಲ್ಲಿ ಬಿರುಗಾಳಿಗೆ ಲಂಗರು ಕಿತ್ತು ಹೋಯಿತು. ಹತ್ತು ಜನರು ಸಾಕಷ್ಟು ಬಟ್ಟೆಬರೆಯಿಲ್ಲದೆ ದಂಡೆಯಲ್ಲಿ ಉಳಿದರು. ಆದರೂ ಅವರು ಕೊಟ್ಟ ಮಾತಿನಂತೆ 1916ರ ಜನವರಿಯಲ್ಲಿ ಬುತ್ತಿಯನ್ನು ಒಯ್ದು ಬಿಯರ್ಡ್‌ಮೋರ್ ಹಿಮನದಿಯ ಬುಡದವರೆಗೆ ಇಟ್ಟು ಬಂದರು. ಮರಳುವಾಗ ಸ್ಪೆನ್ಸರ್-ಸ್ಮಿತ್ತನು ದಾರಿಯಲ್ಲಿಯೇ ತೀರಿಕೊಂಡನು. ಮುಂದೆ ಎರಡು ತಿಂಗಳಿಗೆ ಮ್ಯಾಕಿಂಟಾಶ್ ಮತ್ತು ಹೇವರ್ಡ್ ಎಂಬಿಬ್ಬರು ಸಮುದ್ರದ ಹಿಮದ ಮೇಲೆ ಹೋದವರು ಮರಳಿ ಬರಲಿಲ್ಲ. ಆ ಬುತ್ತಿಯನ್ನು ಉಣ್ಣಬೇಕಾದವರು ಆ ದಾರಿಗೆ ಬರಲೇ ಇಲ್ಲ. ಶ್ಯಾಕಲ್ಟನ್ನನ ಹಡಗು ಹಿಮದಲ್ಲಿ ಸಿಕ್ಕು ನುಚ್ಚುನೂರಾಗಿ, ಅವನ ಸಂಗಡಿಗರಲ್ಲಿ 22 ಜನರು ಎಲಿಫೆಂಟ್ ದ್ವೀಪದಲ್ಲಿ ದೋಣಿಗಳನ್ನು ಬೋರಲು ಹಾಕಿ ಅವುಗಳ ಕೆಳಗೆ ದಿನಗಳೆಯುತ್ತಿದ್ದರು.

ಇಲ್ಲಿ ವಾಚಕರು ತುಸು ನಿಂತು ವಿಚಾರಿಸಬೇಕು. ಆ ಮೂವರ ಮರಣವು ವ್ಯರ್ಥವಾಯಿತೆ? ಫಲವನ್ನು ನೋಡಿ ಬೆಲೆ ಕಟ್ಟುವವನು ವ್ಯರ್ಥವೆಂದೇ ಹೇಳಬೇಕಾಗುವದು. ಆದರೆ ಬುತ್ತಿಯನ್ನು ಹೊತ್ತವರಿಗೆ ಫಲವು ಗೊತ್ತಿರಲಿಲ್ಲ; ಗೊತ್ತಿದ್ದದ್ದು ಇಷ್ಟೆ: ಆಚೆಯಿಂದ ಆರು ಜನರು ಹಸಿದು ಬರಬಹುದು, ಬಂದಾಗ ಅನ್ನವಿರಬೇಕು. ಫಲದ ಮೇಲೆ ಅಧಿಕಾರವಿಲ್ಲದ ಕರ್ಮವೆಂದು ಗೀತೆಯು ಹೇಳುವದನ್ನು ಹಲವರು ಸಂನ್ಯಾಸಿಗಳ ಮಾತೆಂದು ತಿಳಿಯುತ್ತಾರೆ. ಹಿಮದಲ್ಲಿ ಬೆರಳು ಸೆಟೆದ ಈ ಕೂಲಿಯ ನಾವಿಕರು ಅದನ್ನು ಓದದೆಯೇ ಆಚರಿಸಿದರು. ನೆರವಿನ ಕೆಲಸದ ಸ್ವಭಾವವೇ ಹೀಗೆ. ಅದನ್ನು ಮಾಡುವವನು ಮುಕ್ತಾಯವನ್ನು ಕಾಣುವದಿಲ್ಲ.

ಅದೇ ಸಾಹಸದ ಇನ್ನೊಂದು ತುದಿಯನ್ನೂ ನೋಡಬೇಕು. ಎಲಿಫೆಂಟ್ ದ್ವೀಪದವರನ್ನು ಬಿಡಿಸಲು ಶ್ಯಾಕಲ್ಟನ್ನನು ಮೂರು ಸಲ ಬೇರೆಬೇರೆ ಹಡಗುಗಳನ್ನು ತೆಗೆದುಕೊಂಡು ಹೋಗಿ ಹಿಮಕ್ಕೆ ಸೋತು ಬಂದನು. ನಾಲ್ಕನೆಯ ಸಲ ಚಿಲಿ ದೇಶದ ನೌಕಾಪಡೆಯು ಯೆಲ್ಚೋ ಎಂಬ ಸಣ್ಣ ಹಡಗನ್ನು ಕೊಟ್ಟಿತು. ಹಿಮದ ಹೊಡೆತವನ್ನು ತಾಳುವ ಗಟ್ಟಿ ಒಡಲು ಅದಕ್ಕಿರಲಿಲ್ಲ. ಲೂಯಿಸ್ ಪಾರ್ದೋ ಎಂಬ ನಾವಿಕನು ಅದನ್ನು ನಡೆಸಿಕೊಂಡು ಹೋಗಿ 1916ರ ಆಗಸ್ಟ್ 30ರಂದು 22 ಜನರನ್ನೂ ಜೀವಂತವಾಗಿ ಕರೆತಂದನು. ಶ್ಯಾಕಲ್ಟನ್ನನ ಕೀರ್ತಿಯು ಖಂಡವನ್ನು ದಾಟಿದ್ದರಿಂದ ಬಂದದ್ದಲ್ಲ. ಅದನ್ನು ಅವನು ದಾಟಲೇ ಇಲ್ಲ. ಸಂಗಡಿಗರನ್ನು ಬಿಡದೆ ಹಿಂದಿರುಗಿ ಬಂದನೆಂಬುದರಿಂದ ಅದು ಬಂದಿತು. ಆ ಹಿಂದಿರುಗುವಿಕೆಯಲ್ಲಿ ಪಾರ್ದೋನ ಪಾಲು ಎಷ್ಟೆಂಬುದನ್ನು ಬೇರೆ ಹೇಳಬೇಕೆ?

ಮುಂದೆ ವಿಮಾನವು ಬಂದಿತು. ಹ್ಯೂಬರ್ಟ್ ವಿಲ್ಕಿನ್ಸನು ಚಾಲಕನಾದ ಐಲ್‌ಸನ್ನನೊಡನೆ 1928ರ ನವೆಂಬರ 16ರಂದು ಡಿಸೆಪ್ಶನ್ ದ್ವೀಪದಿಂದ ಹಾರಿದ್ದೇ ಆ ಖಂಡದ ಮೊದಲನೆಯ ವಿಮಾನಯಾನವು. ಅವರ ವಿಮಾನವು ಅಲ್ಲಿಗೆ ತಾನೇ ಹಾರಿ ಬಂದಿರಲಿಲ್ಲ. ತಿಮಿಂಗಿಲದ ಬೇಟೆಯ ಹಡಗೊಂದು ಅದನ್ನು ಹೊತ್ತು ತಂದಿತ್ತು. ಮರುವರ್ಷ, ನವೆಂಬರ 28-29ರಂದು ಅಮೇರಿಕೆಯ ಬರ್ಡ್ ಎಂಬವನು ದಕ್ಷಿಣ ಧ್ರುವದ ಮೇಲೆ ಹಾರಿ ಬಂದನು. ಲೋಕವು ಬರ್ಡನು ಹಾರಿದನೆಂದು ಹೇಳಿತು. ವಿಮಾನವನ್ನು ನಡೆಸಿದವನು ಬರ್ನ್ಟ್ ಬಾಲ್ಖೆನ್ ಎಂಬ ನಾರ್ವೆಯವನು. ಅವರ ಕೂಡ ಹೆರಾಲ್ಡ್ ಜೂನ್, ಆಶ್ಲೇ ಮ್ಯಾಕಿನ್ಲೇ ಎಂಬಿಬ್ಬರಿದ್ದರು. ದಾರಿಯಲ್ಲಿ ಪರ್ವತವನ್ನು ದಾಟುವಷ್ಟು ಎತ್ತರಕ್ಕೆ ವಿಮಾನವು ಏರದಿರಲು, ಆಪತ್ಕಾಲಕ್ಕೆಂದು ಇಟ್ಟುಕೊಂಡಿದ್ದ ಆಹಾರದ ಚೀಲಗಳನ್ನು ಕೆಳಗೆ ಎಸೆದು ಭಾರವನ್ನು ಇಳಿಸಬೇಕಾಯಿತು. ಆಗ ಅವರು ಎಸೆದದ್ದು ತಮ್ಮ ಅನ್ನವನ್ನು; ನೆಚ್ಚಿದ್ದು ಕೆಳಗಿನವರನ್ನು. ಅಂಥ ಸಮಯಕ್ಕೆ ಒದಗಲೆಂದು ಗೂಲ್ಡ್ ಎಂಬ ಭೂಗರ್ಭಶಾಸ್ತ್ರಜ್ಞನ ತಂಡವು ನಾಯಿಗಳು ಎಳೆಯುವ ಹಿಮಗಾಡಿಗಳೊಡನೆ ಆ ಪರ್ವತಗಳ ದಾರಿಯನ್ನು ಹಿಡಿದಿತ್ತು. ಮರಳುವ ದಾರಿಗೆ ಬೇಕಾದ ಎಣ್ಣೆಯನ್ನು ಪರ್ವತದ ಬುಡದಲ್ಲಿ ಮೊದಲೇ ಇಡಲಾಗಿತ್ತು. ಹತ್ತು ದಿನ ನಡೆದು ಮುಟ್ಟುವ ದೂರವನ್ನು ವಿಮಾನವು ಒಂದು ತಾಸಿನಲ್ಲಿ ದಾಟಬಹುದು. ಆದರೆ ಅದು ಹೊರುವವರ ಸಂಖ್ಯೆಯನ್ನು ಕಡಿಮೆ ಮಾಡಲಿಲ್ಲ, ಹೆಚ್ಚಿಸಿತು.

ಇಷ್ಟರವರೆಗೆ ಹೊತ್ತವರ ಗುಣವನ್ನು ಹೇಳಿದ್ದಾಯಿತು. ಹೊರಿಸಿಕೊಂಡವನ ಧರ್ಮವೇನೆಂಬುದು ಪ್ರಶ್ನೆಯ ಇನ್ನೊಂದು ಮುಖ. 1935ರ ನವೆಂಬರದಲ್ಲಿ ಎಲ್ಸ್‌ವರ್ತ್ ಎಂಬ ಧನಿಕನು ಚಾಲಕನಾದ ಹಾಲಿಕ್-ಕೆನ್ಯನ್ನನೊಡನೆ ಆ ಖಂಡವನ್ನು ವಿಮಾನದಿಂದ ದಾಟಲು ಹೊರಟನು. ಹಾರಿದ ಕೆಲವು ತಾಸಿನಲ್ಲಿಯೇ ಅವರ ರೇಡಿಯೋ ಕೆಟ್ಟು ಮಾತು ನಿಂತುಹೋಯಿತು. ಡಿಸೆಂಬರ 5ರಂದು, ಗುರಿಯು ಸುಮಾರು 16 ಮೈಲು ದೂರವಿರಲು, ಎಣ್ಣೆಯು ತೀರಿತು. ಇಬ್ಬರೂ ನಡೆದು ಬರ್ಡನ ಹಳೆಯ ಬಿಡಾರವನ್ನು ಸೇರಿ ಅಲ್ಲಿ ಉಳಿದಿದ್ದ ಆಹಾರವನ್ನು ತಿಂದು ಸುಖವಾಗಿಯೇ ಇದ್ದರು. ಆದರೆ ಅವರು ಸುಖವಾಗಿದ್ದಾರೆಂಬುದು ಹೊರಗಿನವರಿಗೆ ಹೇಗೆ ತಿಳಿಯಬೇಕು? ಡಿಸ್ಕವರಿ-2 ಎಂಬ ಹಡಗು ಹಿಮವನ್ನು ಭೇದಿಸಿಕೊಂಡು 1936ರ ಜನವರಿ ನಡುವಿನಲ್ಲಿ ಅವರನ್ನು ಮುಟ್ಟಿತು. ಒಬ್ಬನ ಮೌನಕ್ಕಾಗಿ ಹಡಗಿನ ತುಂಬ ಜನರು ಪ್ರಾಣವನ್ನು ಒಡ್ಡಬೇಕಾಯಿತು. ಇಲ್ಲಿ ಯಾರ ತಪ್ಪೂ ಇಲ್ಲ, ಆದರೂ ಋಣವುಂಟು. ತಪ್ಪಿಲ್ಲದೆಯೂ ಋಣವಿರಬಲ್ಲದೆಂಬುದು ಈ ವಿಷಯದಲ್ಲಿ ಕಲಿಯತಕ್ಕ ಮೊದಲನೆಯ ಪಾಠ.

ಬರ್ಡನು ಈ ಋಣವನ್ನು ಬೇರೊಂದು ರೀತಿಯಲ್ಲಿ ಅರಿತನು. 1934ರ ಚಳಿಗಾಲವನ್ನು ಅವನು ತನ್ನ ಬಿಡಾರದಿಂದ ನೂರು ಮೈಲಿಗಿಂತ ಹೆಚ್ಚು ದೂರದ ಗುಡಿಸಲಲ್ಲಿ ಒಬ್ಬನೇ ಕಳೆದನು. ಒಲೆಯ ವಿಷದ ಹೊಗೆಯಿಂದ ಸಾಯುವಂತಾದರೂ ಆ ಸಂಗತಿಯನ್ನು ರೇಡಿಯೋದಲ್ಲಿ ತಿಳಿಸಲಿಲ್ಲ. ತಿಳಿಸಿದರೆ ಕಗ್ಗತ್ತಲೆಯ ಚಳಿಯಲ್ಲಿ ಸಂಗಡಿಗರು ಹೊರಟುಬಂದು ಸತ್ತಾರೆಂಬ ಭಯ. ಕೊನೆಗೆ ಅವನ ಸಂದೇಶಗಳ ತಡವರಿಕೆಯಿಂದಲೇ ಸಂಶಯಗೊಂಡು ಪೌಲ್ಟರ್ ಮೊದಲಾದ ಮೂವರು ಆಗಸ್ಟದಲ್ಲಿ ಯಂತ್ರದ ಗಾಡಿಯಲ್ಲಿ ಬಂದು ಅವನನ್ನು ಉಳಿಸಿದರು. ಒಬ್ಬನೇ ಇರಬೇಕೆಂದು ಹಟ ಹಿಡಿದದ್ದು ಅವನ ದೋಷವೆಂದು ಹಲವರು ಹೇಳುವರು, ಅದರಲ್ಲಿ ಸತ್ಯಾಂಶವುಂಟು. ಆದರೆ ಪರರ ಪ್ರಾಣವು ತನ್ನ ಸಾಹಸದ ಬಂಡವಾಳವಲ್ಲವೆಂಬ ತಿಳಿವಳಿಕೆಯು ಅವನ ಮೌನದಲ್ಲಿತ್ತು. ಆ ತಿಳಿವಳಿಕೆಯಿಲ್ಲದ ನಾಯಕನು ಎಷ್ಟು ದೂರ ಹೋದರೂ ಶ್ರೇಷ್ಠನಾಗಲಾರನು.

ಎರಡನೆಯ ಮಹಾಯುದ್ಧವು ಮುಗಿದ ಮೇಲೆ ಈ ನೆರವು ಸೈನ್ಯದಷ್ಟು ಬೆಳೆಯಿತು. 1946-47ರಲ್ಲಿ ಅಮೇರಿಕೆಯ ನೌಕಾಪಡೆಯು 13 ಹಡಗುಗಳನ್ನೂ ಸುಮಾರು 4,700 ಜನರನ್ನೂ ಅಲ್ಲಿಗೆ ಕಳುಹಿತು. ಆಗ, 1946ರ ಡಿಸೆಂಬರ 30ರಂದು, ಒಂಬತ್ತು ಜನರಿದ್ದ ವಿಮಾನವೊಂದು ಹಿಮದ ಮೇಲೆ ಬಿದ್ದು ಮೂವರು ಸತ್ತರು. ಉಳಿದ ಆರು ಜನರನ್ನು ಹುಡುಕಿ ತರಲು 13 ದಿನ ಬೇಕಾದವು. ಬಳಿಕ 1956ರ ಅಕ್ಟೋಬರ 31ರಂದು ಅದೇ ನೌಕಾಪಡೆಯ ವಿಮಾನವೊಂದು ದಕ್ಷಿಣ ಧ್ರುವದ ಮೇಲೆಯೇ ಇಳಿಯಿತು. 1912ರಲ್ಲಿ ಸ್ಕಾಟನು ಅಲ್ಲಿಂದ ಹೊರಟ ಮೇಲೆ ಧ್ರುವದಲ್ಲಿ ಮನುಷ್ಯರ ಹೆಜ್ಜೆ ಬಿದ್ದದ್ದು ಆಗಲೇ. ವಿಮಾನವು ಡಕೋಟಾ ಜಾತಿಯದು; 1947ರ ಅಕ್ಟೋಬರ 27ರಂದು ಭಾರತದ ಸೈನಿಕರನ್ನು ಶ್ರೀನಗರಕ್ಕೆ ಇಳಿಸಿದ್ದೂ ಅದೇ ಜಾತಿಯ ವಿಮಾನಗಳು. ಧ್ರುವದಲ್ಲಿ ಇಳಿದ ಏಳು ಜನರು ಅಲ್ಲಿದ್ದದ್ದು 49 ನಿಮಿಷ. ಚಳಿಯು ಸೊನ್ನೆಗಿಂತ 50 ಡಿಗ್ರಿ ಕೆಳಗೆ. ಹೊರಡಬೇಕೆಂದರೆ ವಿಮಾನದ ಕಾಲುಗಳು ಹಿಮಕ್ಕೆ ಅಂಟಿಕೊಂಡಿದ್ದವು. ಬೆಂಕಿಯುಗುಳುವ 15 ರಾಕೆಟ್ಟುಗಳನ್ನು ಹಚ್ಚಿ ಚಾಲಕನಾದ ಗಸ್ ಶಿನ್ನನು ಅದನ್ನು ಎಬ್ಬಿಸಿದನು. ಇವರು ಕೆಳಗೆ ಇದ್ದಷ್ಟು ಹೊತ್ತು ಮೇಲೆ ದೊಡ್ಡ ವಿಮಾನವೊಂದು, ಏನಾದರೂ ಹೆಚ್ಚುಕಡಮೆಯಾದರೆ ಸಾಮಾನುಗಳನ್ನು ಎಸೆಯಲು ಸಿದ್ಧವಾಗಿ, ಸುತ್ತುತ್ತಲೇ ಇತ್ತು. ಇಳಿದ ವಿಮಾನಕ್ಕೆ ಆಗುವದು ಆಗಲಿ ಎಂಬರ್ಥದ ಹೆಸರನ್ನು ಇಟ್ಟಿದ್ದರು. ಆದರೆ ಮೇಲೆ ಸುತ್ತುತ್ತಿದ್ದವರು ಏನನ್ನೂ ಆಗುವದಕ್ಕೆ ಬಿಡಲು ಬಂದವರಾಗಿರಲಿಲ್ಲ.

ಭಾರತದ ಪಾಲು ಈ ಜಿಲ್ಲೆಗೆ ಸಮೀಪದಿಂದಲೇ ಪ್ರಾರಂಭವಾಯಿತು. ಘಟಪ್ರಭಾ, ಗೋಕಾಕ ರೋಡ ನಿಲ್ದಾಣಗಳಿಂದ ಬೆಳಗಾವಿ, ಲೋಂಡಾ ಮಾರ್ಗವಾಗಿ ಘಟ್ಟವಿಳಿದರೆ ರೈಲು ಮುಟ್ಟುವದು ಗೋವೆಯ ಮುರಗಾವ ಬಂದರವನ್ನು. ಅಲ್ಲಿಂದ 1981ರ ಡಿಸೆಂಬರ 6ರಂದು ಡಾಕ್ಟರ್ ಎಸ್. ಝಡ್. ಖಾಸಿಮ್ ಇವರ ನಾಯಕತ್ವದಲ್ಲಿ 21 ಜನರು ನಾರ್ವೆಯಿಂದ ಬಾಡಿಗೆಗೆ ತಂದ ಹಡಗಿನಲ್ಲಿ ಹೊರಟು 1982ರ ಜನವರಿ 9ರಂದು ಅಂಟಾರ್ಕ್ಟಿಕಾದಲ್ಲಿ ಇಳಿದರು. ಮುಂದೆ 1983-84ರಲ್ಲಿ ಹರ್ಷ ಗುಪ್ತ ಇವರ ತಂಡವು ದಕ್ಷಿಣ ಗಂಗೋತ್ರಿ ಎಂಬ ನೆಲೆಯನ್ನು ಒಂದೇ ಬೇಸಗೆಯಲ್ಲಿ ಕಟ್ಟಿತು. ವಿಜ್ಞಾನಿಗಳ ಸಂಗಡ ಭೂಸೇನೆ, ನೌಕಾಸೇನೆ, ವಾಯುಸೇನೆಗಳ ಜನರು ಹೋದರು. ನೌಕಾಸೇನೆಯವರ ಚೇತಕ್ ಹೆಲಿಕಾಪ್ಟರುಗಳು ಬೆಂಗಳೂರಿನ ಹಿಂದೂಸ್ತಾನ್ ಏರೋನಾಟಿಕ್ಸ್ ಕಾರಖಾನೆಯಲ್ಲಿ ತಯಾರಾಗುತ್ತಿದ್ದ ಜಾತಿಯವು. 1959ರ ಅಂಟಾರ್ಕ್ಟಿಕಾ ಒಪ್ಪಂದವು ಆ ಖಂಡದಲ್ಲಿ ಯುದ್ಧದ ವ್ಯವಹಾರವನ್ನೆಲ್ಲ ನಿಷೇಧಿಸಿ, ಸೈನ್ಯದ ಜನರನ್ನೂ ಸಲಕರಣೆಗಳನ್ನೂ ಶೋಧನೆಯ ಸೇವೆಗೆ ಅಥವಾ ಬೇರೆ ಶಾಂತಿಯ ಕಾರ್ಯಗಳಿಗೆ ಮಾತ್ರ ಬಳಸಬಹುದೆಂದು ಗೊತ್ತುಪಡಿಸಿತು. ಕೊಲ್ಲಲು ಕಲಿತವರು ಹೊರಲು ಮಾತ್ರ ಹೋಗುವ ಖಂಡವು ಅದೊಂದೇ. ಬೆಳಗಾವಿಯ ಬಳಿಯ ಸಾಂಬ್ರೆಯಲ್ಲಿ ವಾಯುಸೇನೆಯ ಏರ್‌ಮೆನ್ ತರಬೇತಿ ಶಾಲೆಯುಂಟು. ಅಲ್ಲಿ ತಯಾರಾಗುವವರು ಹಾರಿಸುವವರಲ್ಲ. ವಿಮಾನವು ಹಾರುವಂತೆ ನೆಲದ ಮೇಲೆ ನಿಂತು ದುಡಿಯುವವರು. ಹಾರಿದವನ ಭಾವಚಿತ್ರವನ್ನು ಗೋಡೆಗೆ ತೂಗುಹಾಕುವ ಮನೆಗಳು ಇವರನ್ನೂ ನೆನೆಯಬೇಕಾದದ್ದು ನ್ಯಾಯ.

ಇದಕ್ಕೆ ಎರಡು ಆಕ್ಷೇಪಗಳು ಬರಬಹುದು. ನಾವಿಕನೂ ಯಂತ್ರಿಕನೂ ಸಂಬಳಕ್ಕೆ ದುಡಿದವರು. ಸಂಬಳವು ಮುಟ್ಟಿದ ಮೇಲೆ ಋಣವೆಲ್ಲಿ ಉಳಿಯಿತೆಂಬುದು ಮೊದಲನೆಯದು. ಸಂಬಳವು ದಿನದ ದುಡಿಮೆಗೆ ಬೆಲೆ. ಅದರಿಂದ ದಿನವು ತೀರುವದು. ಹದಿಮೂರು ದಿನ ಬಿಡದೆ ಹುಡುಕುವ ಮನಸ್ಸಿಗೆ, ಉಣ್ಣುವವನು ಬಾರದಿದ್ದರೂ ಬುತ್ತಿಯನ್ನು ಇಟ್ಟು ಬರುವ ನಿಷ್ಠೆಗೆ ಯಾವ ಕಚೇರಿಯಲ್ಲಿಯೂ ದರ ಗೊತ್ತುಮಾಡಿಲ್ಲ. ಎರಡನೆಯ ಆಕ್ಷೇಪವು ಹೆಚ್ಚು ಗಟ್ಟಿಯಾದದ್ದು. ಎಲ್ಲರೂ ಸಮಾನರೆಂದರೆ, ಮೊದಲು ಹೆಜ್ಜೆಯಿಡುವವನ ಧೈರ್ಯಕ್ಕೆ ಬೆಲೆಯಿಲ್ಲವೆ? ಹೋಗಬೇಕೋ ಮರಳಬೇಕೋ ಎಂಬ ನಿರ್ಣಯದ ಭಾರವನ್ನು ಹೊರುವವನು ಅವನೊಬ್ಬನೇ ಅಲ್ಲವೆ? ಇದು ನಿಜ. ಆದುದರಿಂದಲೇ ಶ್ರೇಯಸ್ಸನ್ನು ಆಸ್ತಿಯಂತೆ ಪಾಲುಮಾಡಿ ಸಮನಾಗಿ ಹಂಚಲು ಹೊರಡುವದು ಸರಿಯಲ್ಲ. ಕೀರ್ತಿಯು ನಾಯಕನಿಗೇ ಹೋಗಲಿ. ಜನರ ನೆನಪಿನಲ್ಲಿ ಒಂದು ಹೆಸರಿಗೆ ಮಾತ್ರ ಸ್ಥಳವಿರುವದು ಸಹಜ. ಆದರೆ ಕೀರ್ತಿಯೊಡನೆ ಋಣವೂ ಅವನಿಗೆ ಹೋಗಬೇಕು. ಕೀರ್ತಿಯನ್ನು ಪಡೆದು ಋಣವನ್ನು ಒಪ್ಪದವನು ವಿರಾಟನ ಸಭೆಯವನು. ಎರಡನ್ನೂ ಒಪ್ಪಿದವನು ಉತ್ತರನು. ಹಾಗೆ ಒಪ್ಪಿಕೊಂಡ ಮನಸ್ಸು ಮುಂದಿನ ಸಲ ಯಾರನ್ನೂ ಹಿಮದಲ್ಲಿ ಬಿಟ್ಟು ಬರಲಾರದು. ಈ ಒಪ್ಪಿಗೆಯ ಪ್ರಯೋಜನವು ಇದೇ. ಅದು ಬರಿಯ ಸೌಜನ್ಯದ ಮಾತಲ್ಲ.

ಹಿಮಖಂಡದ ಈ ವಿಚಾರವು ಮನೆಯ ಬಾಗಿಲಿಗೂ ಬರತಕ್ಕದ್ದು. ಗೋಕಾಕ, ಮೂಡಲಗಿ ತಾಲೂಕುಗಳಲ್ಲಿ ಕಬ್ಬು ಹಸಿರಾಗಿ ನಿಂತಿರುವದನ್ನು ಕಂಡವರು ರೈತನ ದುಡಿಮೆಯನ್ನು ಮೆಚ್ಚುತ್ತಾರೆ, ಮೆಚ್ಚತಕ್ಕದ್ದೇ. ಆ ನೀರು ಹುಕ್ಕೇರಿ ತಾಲೂಕಿನ ಹಿಡಕಲ್ಲಿನ ಜಲಾಶಯದಲ್ಲಿ ನಿಂತು, ಧೂಪದಾಳದಲ್ಲಿ ತಿರುಗಿ, ಕಾಲುವೆಯಿಂದ ಬರುವದು. ರಾತ್ರಿಯಲ್ಲಿ ಎದ್ದು ಕಾಲುವೆಯ ತೂಬನ್ನು ತೆರೆಯುವವನ ಹೆಸರನ್ನು ಕೇಳಿದವರುಂಟೆ? ಅವನಿಗಿಂತ ಹಿಂದೆ ಹೋದರೆ, ಆ ಜಲಾಶಯದ ತಳದಲ್ಲಿ ತಮ್ಮ ಹೊಲಮನೆಗಳನ್ನು ಬಿಟ್ಟು ಎದ್ದುಹೋದ ಕುಟುಂಬಗಳಿವೆ. ಅವರು ಯಾವ ಸಾಹಸಕ್ಕೂ ಹೊರಟವರಲ್ಲ. ಬುತ್ತಿಯನ್ನು ಮಾತ್ರ ಇಟ್ಟು ಹೋದರು. ಆ ಬುತ್ತಿಯನ್ನು ಉಣ್ಣುವವರು ಬಂದಿದ್ದಾರೆ. ರಾಸ್ ಸಮುದ್ರದ ಮೂವರಿಗೆ ದೊರೆಯದ ಭಾಗ್ಯವಿದು. ಉಂಡವರು ಕೈತೊಳೆಯುವ ಮೊದಲು ಒಮ್ಮೆ ಆ ನೀರಿನ ಕಡೆಗೆ ನೋಡಿದರೆ ಸಾಕು. ಋಣವು ತೀರಲಾರದು, ಆದರೆ ಅದು ಉಂಟೆಂಬುದಾದರೂ ನೆನಪಿನಲ್ಲಿ ಉಳಿಯುವದು.